ಪಾಠದ ಬಡ್ಡಿ, ಮನೆಯ ಬಡ್ಡಿ

ರಾಜ್ಯದ ಪ್ರೌಢಶಾಲಾ ಸಮಾಜ ವಿಜ್ಞಾನದಲ್ಲಿ ಅರ್ಥಶಾಸ್ತ್ರವೂ ಒಂದು ಭಾಗ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮ್ಮ ಮಕ್ಕಳು ಬ್ಯಾಂಕಿನ ವ್ಯಾಖ್ಯೆಯನ್ನು ಕಂಠಪಾಠ ಮಾಡಿ ಅಂಕ ಗಳಿಸುತ್ತಾರೆ. ಆದರೆ ಮನೆಯ ಸಾಲಪತ್ರವನ್ನು ಓದಲಾರರು.

ಹತ್ತು ಸಾವಿರ ರೂಪಾಯಿ ಸಾಲಕ್ಕೆ ಶೇ. 12ರ ಬಡ್ಡಿಯೆಂದು ಮೊದಲೇ 1,200 ರೂಪಾಯಿ ಸೇರಿಸಿ, 12 ಸಮಾನ ಮಾಸಿಕ ಕಂತುಗಳಲ್ಲಿ ವಸೂಲು ಮಾಡಿದರೆ ನಿಜವಾದ ಬಡ್ಡಿ ಶೇ. 21ನ್ನು ಮೀರುತ್ತದೆ. ಅಸಲು ತಿಂಗಳು ತಿಂಗಳು ಕರಗಿದರೂ ಬಡ್ಡಿ ಕರಗದಿರುವುದೇ ಇದಕ್ಕೆ ಕಾರಣ.

ಕಿರುಸಾಲದ ಬಲವಂತದ ವಸೂಲಿಯ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು. ಕಾನೂನು ಬೆದರಿಕೆಯನ್ನು ತಡೆದೀತು, ಲೆಕ್ಕವನ್ನು ಕಲಿಸಲಾರದು. ಅದನ್ನು ಕಲಿಸಬೇಕಾದುದು ತರಗತಿ. ಶಿಕ್ಷಕರು ಕಂತಿನ ಲೆಕ್ಕವನ್ನು ಕರಿಹಲಗೆಗೆ ತರಲಿ. ಹೆತ್ತವರು ಮನೆಯ ಖರ್ಚುವೆಚ್ಚವನ್ನು ಮಕ್ಕಳಿಂದ ಮುಚ್ಚಿಡದಿರಲಿ. ತಾಯಿ ಸಹಿ ಹಾಕುವ ಮುನ್ನ ಮಗಳು ಆ ಪತ್ರವನ್ನು ಓದಿ ಹೇಳುವಂತಾದರೆ, ಪಾಠ ಸಾರ್ಥಕ.