ಅಂಟಿನ ಬೆಲೆ ಅದರ ರಚನೆಯಲ್ಲಿದೆ

ಆಹಾರ, ಜವಳಿ, ಔಷಧ ಹಾಗೂ ಪ್ರಸಾಧನ ಸಾಮಗ್ರಿಗಳ ತಯಾರಿಕೆಗೆ ಬೇಕಾಗುವ ಅಂಟುಗಳನ್ನು ಸಣ್ಣ ಉದ್ದಿಮೆದಾರರು ಸಾಮಾನ್ಯವಾಗಿ ಹೆಸರು, ಬಣ್ಣ ಮತ್ತು ಸ್ನಿಗ್ಧತೆಗಳನ್ನು ನೋಡಿ ಕೊಳ್ಳುತ್ತಾರೆ. ರಾಸಾಯನಿಕ ರಚನೆಯು ಪ್ರಯೋಗಾಲಯಕ್ಕೆ ಸೇರಿದ ವಿಷಯವೇ ಹೊರತು ವ್ಯಾಪಾರಕ್ಕಲ್ಲ ಎಂಬ ಭಾವನೆ ಬೇರೂರಿದೆ. ಸಮುದ್ರದ ಬ್ಯಾಕ್ಟೀರಿಯಾಗಳು ಸ್ರವಿಸುವ ಪಾಲಿಸ್ಯಾಕರೈಡ್‌ಗಳಂತಹ ಹೊಸ ಸರಕಿನಲ್ಲಿ ಈ ಭಾವನೆಯು ದುಬಾರಿಯಾಗಿ ಪರಿಣಮಿಸಬಲ್ಲದು.

ಪಾಲಿಸ್ಯಾಕರೈಡ್ ಎಂದರೆ ಸಕ್ಕರೆಯ ಘಟಕಗಳು ಕೊಂಡಿಗೂಡಿದ ದೀರ್ಘ ಸರಪಳಿ. ಘಟಕಗಳ ಬಗೆ, ಕ್ರಮ, ಕೊಂಡಿ ಹಾಗೂ ಸರಪಳಿಯ ಉದ್ದ ಇವೇ ಅದರ ಗುಣವನ್ನು ನಿರ್ಧರಿಸುತ್ತವೆ. ಗೋರಿಕಾಯಿ ಬೀಜದ ಗುವಾರ್ ಅಂಟಿನಲ್ಲಿ ಸುಮಾರು ಎರಡು ಮ್ಯಾನೋಸ್‌ಗೆ ಒಂದು ಗ್ಯಾಲಕ್ಟೋಸ್ ಇದ್ದರೆ, ಲೋಕಸ್ಟ್ ಬೀನ್ ಅಂಟಿನಲ್ಲಿ ಸುಮಾರು ನಾಲ್ಕಕ್ಕೆ ಒಂದು. ಸಕ್ಕರೆಗಳು ಅವೇ, ಆದರೆ ಕ್ಸಾಂಥನ್‌ನೊಡನೆ ಬೆರೆಸಿದಾಗ ಎರಡನೆಯದು ಜೆಲ್ ಆಗುತ್ತದೆ, ಮೊದಲನೆಯದು ಕೇವಲ ಮಂದವಾಗುತ್ತದೆ.

ಪೂರ್ವ ಪೆಸಿಫಿಕ್ ಸಾಗರತಳದ ಬಿಸಿನೀರಿನ ಬುಗ್ಗೆಗಳ ಬಳಿ ವಾಸಿಸುವ ಹುಳುವಿನಿಂದ ಬೇರ್ಪಡಿಸಲಾದ ವಿಬ್ರಿಯೋ ಡಯಾಬಾಲಿಕಸ್ ಬ್ಯಾಕ್ಟೀರಿಯಾವನ್ನು 1997ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಲಾಯಿತು. ಅದರ ಅಂಟಿನಲ್ಲಿ ನಾಲ್ಕು ಸಕ್ಕರೆಗಳ ಗುಂಪೊಂದು ಪುನರಾವರ್ತನೆಗೊಳ್ಳುತ್ತದೆ: ಎರಡು ಗ್ಲುಕ್ಯುರಾನಿಕ್ ಆಮ್ಲ, ಒಂದು ಅಸಿಟೈಲ್ ಗ್ಲೂಕೋಸಮೈನ್, ಒಂದು ಅಸಿಟೈಲ್ ಗ್ಯಾಲಕ್ಟೋಸಮೈನ್. ದುಬಾರಿ ಬೆಲೆಯ ಹೈಲುರಾನಿಕ್ ಆಮ್ಲವನ್ನು ಹೋಲುವ ಈ ರಚನೆಯಿಂದಾಗಿಯೇ ಮೂಳೆ ಮತ್ತು ಚರ್ಮದ ಪುನರ್ನಿರ್ಮಾಣದ ಸಂಶೋಧನೆಗಳಲ್ಲಿ ಅದಕ್ಕೆ ಮಹತ್ವ ದೊರೆಯಿತು. ಆದರೆ ಹೋಲಿಕೆಯು ಸಮಾನತೆಯಲ್ಲ. ಹೋಲಿಕೆಗೆ ಅಸಲಿನ ಬೆಲೆಯನ್ನು ತೆರುವುದು ವಿವೇಕವೂ ಅಲ್ಲ.

ರಚನೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಹೆಪಾರಿನ್ ಪ್ರಕರಣವೇ ಸಾಕ್ಷಿ. ಪಾಲಿಸ್ಯಾಕರೈಡ್ ವರ್ಗದ ಈ ಔಷಧದಲ್ಲಿ ಅತಿಯಾಗಿ ಸಲ್ಫೇಟ್ ಸೇರಿಸಿದ ಕಾಂಡ್ರಾಯ್ಟಿನ್ ಬೆರೆತಿದ್ದುದು 2008ರಲ್ಲಿ ಬಯಲಾಯಿತು. ಅಮೆರಿಕದಲ್ಲಿ ಹಲವು ಸಾವುಗಳೊಂದಿಗೆ ಅದರ ಹೆಸರು ತಳಕು ಹಾಕಿಕೊಂಡಿತು. ವಾಡಿಕೆಯ ಪರೀಕ್ಷೆಗಳಲ್ಲಿ ಆ ಕಲಬೆರಕೆ ಉತ್ತೀರ್ಣವಾಗಿತ್ತು. ಅದನ್ನು ಪತ್ತೆ ಹಚ್ಚಿದ್ದು ರಚನೆಯನ್ನೇ ತೋರಿಸುವ ಎನ್‌ಎಂಆರ್‌ನಂತಹ ವಿಶ್ಲೇಷಣೆಗಳು.

ಆದ್ದರಿಂದ ಸಮುದ್ರಮೂಲದ ಅಂಟನ್ನು ಕೊಳ್ಳುವವರು ಖರೀದಿ ಕರಾರಿನಲ್ಲಿಯೇ ಸಕ್ಕರೆಗಳ ಪ್ರಮಾಣ, ಸಲ್ಫೇಟ್ ಅಂಶ, ಅಣುತೂಕ ಹಾಗೂ ಉಳಿದಿರುವ ಪ್ರೋಟೀನ್ ಪ್ರಮಾಣವನ್ನು ನಮೂದಿಸಬೇಕು. ಪ್ರತಿ ಬ್ಯಾಚಿಗೂ ಸ್ವತಂತ್ರ ಪ್ರಯೋಗಾಲಯದ ವರದಿ ಪಡೆಯಬೇಕು. ಏಕಾಂಗಿಯಾಗಿ ಪರೀಕ್ಷಾ ವೆಚ್ಚ ಭರಿಸಲಾಗದವರು ಸಂಘಟಿತರಾಗಿ ಭರಿಸುವುದು ಸಾಧ್ಯ. ಲೆಕ್ಕಪತ್ರ ನೋಡದೆ ಪಾಲುದಾರಿಕೆಗೆ ಸಹಿ ಹಾಕದ ವರ್ತಕನು ರಚನೆಯ ವಿವರ ನೋಡದೆ ಸರಕಿಗೆ ಹಣ ತೆರುವುದು ಸಲ್ಲದು.