ನದಿ ದಡದ ಹಸಿರು ಅರಮನೆಯೂ ಟೇಕಲ್‌ನ ನೀರಿನ ಲೆಕ್ಕವೂ

ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆಯೇ ನಮ್ಮ ಪಟ್ಟಣಗಳ ಮನೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಒಂದು ಕಾಲದಲ್ಲಿ ರಜೆಯೆಂದರೆ ಅಜ್ಜಿಯ ಮನೆ, ಹೆಚ್ಚೆಂದರೆ ಮೈಸೂರಿನ ಮೃಗಾಲಯ. ಇಂದು ಹಾಗಲ್ಲ. ಫೋನಿನ ಪರದೆಯ ಮೇಲೆ ನದಿ ದಡದ ವಸತಿಧಾಮಗಳು ಮೂಡಿ ಬರುತ್ತವೆ. ಹುಲ್ಲಿನ ಚಾವಣಿಯ ಕುಟೀರ, ಅದರ ಮುಂದೊಂದು ಪುಟ್ಟ ಕೊಳ, ಕೊಳದಾಚೆಗೆ ನದಿ, ನದಿಯಾಚೆಗೆ ಕಾಡು. ಅದರ ಕೆಳಗೆ ಎರಡು ಪದಗಳು: ಸುಸ್ಥಿರ ಐಷಾರಾಮ. ಪರಿಸರಕ್ಕೆ ಹಾನಿಯಿಲ್ಲ, ಆರಾಮಕ್ಕೂ ಕೊರತೆಯಿಲ್ಲ ಎಂಬುದು ಇದರ ಭರವಸೆ. ಈ ಭರವಸೆ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಹಣ ಕೊಡುವವರೇ ಪರಿಶೀಲಿಸದಿದ್ದರೆ ಬೇರೆ ಯಾರು ಪರಿಶೀಲಿಸಬೇಕು?

ಇದನ್ನು ನಾವು ಟೇಕಲ್‌ನಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ಮಾಲೂರು ತಾಲೂಕಿನ ಈ ಹೋಬಳಿಯಲ್ಲಿ ಬಂಡೆಗಳಿವೆ, ಕಲ್ಲುಕ್ವಾರಿಗಳಿವೆ, ರೈಲು ನಿಲ್ದಾಣವಿದೆ, ನದಿಯಿಲ್ಲ. ವರ್ಷವಿಡೀ ಶುದ್ಧ ನೀರು ಹರಿಯುವ ಒಂದೇ ಒಂದು ನದಿ ಕೋಲಾರ ಜಿಲ್ಲೆಯಲ್ಲಿಲ್ಲ. ಪಾಲಾರ್ ಮಳೆಯನ್ನೇ ನಂಬಿದ ನದಿ. ದಕ್ಷಿಣ ಪಿನಾಕಿನಿಗೆ ಬೆಂಗಳೂರಿನ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಕೊಳಕು ನೀರು ಬಂದು ಸೇರುತ್ತದೆ. ಹಿರಿಯರು ಕಟ್ಟಿದ ಕೆರೆಗಳೇ ಈ ಸೀಮೆಯ ನದಿಗಳಾಗಿದ್ದವು. ಕೆರೆಗಳು ಬತ್ತಿದ ಮೇಲೆ ಕೊಳವೆಬಾವಿ ಬಂತು. ಅದು ಸಾವಿರ ಅಡಿಯನ್ನೂ ದಾಟಿತು. ಅನೇಕ ಕಡೆ ಫ್ಲೋರೈಡ್ ಬೆರೆತ ನೀರನ್ನು ಮೇಲೆ ತಂದಿತು. ಬಿಂದಿಗೆಗಳ ಸಾಲು, ಟ್ಯಾಂಕರಿನ ದಾರಿ ಕಾಯುವ ಮುಂಜಾವು, ಇವುಗಳ ಅರ್ಥ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಹಾಗಾದರೆ ದೂರದ ನದಿಗೂ ನಮಗೂ ಏನು ಸಂಬಂಧ? ಸಂಬಂಧ ಇದೆ, ಮತ್ತು ಅದು ವಿಚಿತ್ರವಾಗಿದೆ. ಕೇರಳದ ವಯನಾಡಿನಿಂದ ಹರಿದು ಬರುವ ಕಬಿನಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ನೀರನ್ನು ಶಿವನಸಮುದ್ರದ ಸಮೀಪದಿಂದ ಸುಮಾರು 100 ಕಿ.ಮೀ. ದೂರದ ಬೆಂಗಳೂರಿಗೆ ಏರಿಸಲಾಗುತ್ತದೆ. ಬೆಂಗಳೂರು ಅದನ್ನು ಕುಡಿದು, ಮಿಂದು, ತೊಳೆದು ಚರಂಡಿಗೆ ಬಿಡುತ್ತದೆ. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆ.ಸಿ. ವ್ಯಾಲಿ ಯೋಜನೆ ಎಂದು ನಾವು ಕರೆಯುವುದು ಇದನ್ನೇ. ಮೂರನೇ ಹಂತದ ಸಂಸ್ಕರಣೆಯೂ ಆಗಬೇಕೆಂದು ಇಲ್ಲಿನ ರೈತರು ಹೋರಾಡಿದರು. ವಿವಾದವು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಂದರೆ ಕಬಿನಿಯ ನೀರು ಬೇರೆಯವರು ಬಳಸಿ ಬಿಟ್ಟ ಮೇಲೆ ಕೊನೆಗೆ ತಲಪುವುದು ನಮ್ಮ ಸೀಮೆಯನ್ನು. ನದಿಯ ಮೊದಲ ದಡದಲ್ಲಿ ಏನು ನಡೆಯುತ್ತದೆಂದು ಕೇಳುವ ಹಕ್ಕು ಅದರ ಕೊನೆಯ ದಡದಲ್ಲಿರುವವರಿಗೆ ಇಲ್ಲವೇ?

ಪ್ರವಾಸವನ್ನು ವಿರೋಧಿಸುವುದು ನಮ್ಮ ಉದ್ದೇಶವಲ್ಲ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಿರೆಂದು ಕರೆಕೊಟ್ಟ ಧರ್ಮ ನಮ್ಮದು. ಅಡುಗೆಮನೆಯಿಂದ ವರ್ಷಕ್ಕೊಮ್ಮೆಯೂ ಬಿಡುವು ಸಿಗದ ಗೃಹಿಣಿಗೆ ಎರಡು ದಿನ ನದಿಯ ಗಾಳಿ ಸೇವಿಸುವ ಹಕ್ಕಿಲ್ಲವೆಂದು ಹೇಳುವವರು ನಾವಲ್ಲ. ಆದರೆ ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂಬ ಪ್ರವಾದಿ(ಸ)ರ ಬೋಧನೆಯನ್ನು ಕೇಳಿ ಬೆಳೆದವರು, ನದಿಯ ದಡಕ್ಕೆ ಹೋದಾಗ ಅದನ್ನು ಮನೆಯಲ್ಲೇ ಬಿಟ್ಟುಹೋಗಬಾರದು. ಎದುರಿಗೆ ಸಮೃದ್ಧಿ ಇದೆಯೆಂಬ ಕಾರಣಕ್ಕೆ ದುಂದು ಸಮರ್ಥನೀಯವಾಗುವುದಿಲ್ಲ ಎಂಬುದೇ ಆ ಬೋಧನೆಯ ಸಾರ.

ಸುಸ್ಥಿರ ಎಂಬ ಪದಕ್ಕೆ ಒಂದು ಅರ್ಥವಿದೆ. 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗವು ಅದಕ್ಕೆ ಜಗತ್ತು ಒಪ್ಪಿದ ರೂಪ ನೀಡಿತು. ಇಂದಿನವರ ಅಗತ್ಯ ಪೂರೈಸುವ ಭರದಲ್ಲಿ ಮುಂದಿನ ಪೀಳಿಗೆಯ ಪಾಲನ್ನು ಕಸಿಯಬಾರದು ಎಂಬುದು ಅದರ ತಿರುಳು. ಆಯೋಗ ಹೇಳಿದ್ದು ಅಗತ್ಯದ ಕುರಿತು, ಅದರಲ್ಲೂ ಬಡವರ ಅಗತ್ಯದ ಕುರಿತು. ಅದೇ ಪದದ ಪಕ್ಕದಲ್ಲಿ ಐಷಾರಾಮವನ್ನು ತಂದು ಕೂರಿಸಿದ್ದು ವ್ಯಾಪಾರದ ಜಾಣ್ಮೆ. ಈ ಜಾಣ್ಮೆಗೆ ಹೆಸರಿಟ್ಟದ್ದೂ ಒಂದು ವಸತಿಧಾಮದ ಪ್ರಸಂಗವೇ. 1986ರಲ್ಲಿ ಜೇ ವೆಸ್ಟರ್ವೆಲ್ಡ್ ಎಂಬ ಅಮೆರಿಕದ ಪರಿಸರವಾದಿಯು, ಭೂಮಿಯನ್ನು ಉಳಿಸಲು ಟವೆಲನ್ನು ಮತ್ತೆ ಬಳಸಿರೆಂದು ಅತಿಥಿಗಳಿಗೆ ಚೀಟಿ ಇಡುವ ಹೋಟೆಲುಗಳ ಬಗ್ಗೆ ಬರೆದರು. ಟವೆಲು ತೊಳೆಯುವ ಖರ್ಚು ಉಳಿಯುವುದು ಮಾಲೀಕನಿಗೆ, ಪುಣ್ಯದ ಮಾತು ಅತಿಥಿಗೆ. ಇದನ್ನು ಅವರು ಗ್ರೀನ್‌ವಾಷ್, ಅಂದರೆ ಹಸಿರು ಸುಣ್ಣ ಬಳಿಯುವುದು ಎಂದು ಕರೆದರು.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳಬೇಕು. ಕೊಳಚೆ ನೀರನ್ನು ಸಂಸ್ಕರಿಸಿ ತೋಟಕ್ಕೆ ಬಿಡುವ, ಮಳೆನೀರು ಹಿಡಿದಿಡುವ, ಪ್ಲಾಸ್ಟಿಕ್ ಬಾಟಲಿಗೆ ಬದಲು ಗಾಜಿನ ಬಾಟಲಿಯಿಡುವ, ಸ್ಥಳೀಯರಿಗೆ ಕೆಲಸ ಕೊಡುವ ವಸತಿಧಾಮಗಳು ನಮ್ಮ ರಾಜ್ಯದಲ್ಲಿವೆ. ಎಲ್ಲವನ್ನೂ ಬೂಟಾಟಿಕೆಯೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಅನ್ಯಾಯ. ನಮ್ಮ ಪ್ರಶ್ನೆ ಬೇರೆ. ಬಿದಿರಿನ ನಳಿಕೆ ಮತ್ತು ಗಾಜಿನ ಬಾಟಲಿಗಳನ್ನು ಎಣಿಸಿ ತೃಪ್ತರಾಗುವ ನಾವು ಎರಡು ದೊಡ್ಡ ಲೆಕ್ಕಗಳನ್ನು ಕೈಬಿಡುತ್ತಿದ್ದೇವೆ. ಒಂದು ನೀರಿನದ್ದು, ಇನ್ನೊಂದು ಮನುಷ್ಯರದ್ದು.

ಮೊದಲು ನೀರಿನ ಲೆಕ್ಕ. ಕುಟೀರದ ಮುಂದಿನ ಖಾಸಗಿ ಕೊಳವು ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, 1.2 ಮೀಟರ್ ಆಳವಿದೆಯೆಂದು ಭಾವಿಸೋಣ. ಅದನ್ನು ಒಮ್ಮೆ ತುಂಬಲು 14,400 ಲೀಟರ್ ನೀರು ಬೇಕು. 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಜಲ ಜೀವನ್ ಮಿಷನ್ ಗ್ರಾಮೀಣ ಪ್ರದೇಶದ ಒಬ್ಬ ವ್ಯಕ್ತಿಗೆ ದಿನಕ್ಕೆ ನಿಗದಿಪಡಿಸಿದ್ದು 55 ಲೀಟರ್. ಐವರು ಸದಸ್ಯರ ಕುಟುಂಬಕ್ಕೆ 275 ಲೀಟರ್. ಅಂದರೆ ಒಂದು ಕುಟೀರದ ಕೊಳದ ನೀರು ಟೇಕಲ್ ಹೋಬಳಿಯ ಒಂದು ಸಂಸಾರದ 52 ದಿನಗಳ ಬದುಕು. ಕೊಳದ ನೀರನ್ನು ದಿನವೂ ಬದಲಿಸುವುದಿಲ್ಲ, ಶೋಧಿಸಿ ಮತ್ತೆ ಬಳಸುತ್ತಾರೆ ಎಂಬ ಸಮಜಾಯಿಷಿ ಸರಿಯೇ. ಆದರೆ ಬಿಸಿಲು ತನ್ನ ಪಾಲನ್ನು ದಿನವೂ ಕೊಂಡೊಯ್ಯುತ್ತದೆ. ಅದನ್ನು ದಿನವೂ ತುಂಬಬೇಕು. ಕಣ್ಣೆದುರಿಗೇ ಒಂದು ನದಿ ಇರುವಾಗ ಪ್ರತಿಯೊಂದು ಕೋಣೆಗೂ ಪ್ರತ್ಯೇಕ ಜಲಾಶಯ ಏಕೆ ಬೇಕು ಎಂಬ ಪ್ರಶ್ನೆಗಂತೂ ಯಾವ ಶೋಧಕ ಯಂತ್ರದಲ್ಲೂ ಉತ್ತರವಿಲ್ಲ.

ಎರಡನೆಯದು ಮನುಷ್ಯರ ಲೆಕ್ಕ. ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಕಬಿನಿಗೆ ಕಟ್ಟಿದ ಅಣೆಕಟ್ಟು ಪೂರ್ಣಗೊಂಡದ್ದು 1974ರಲ್ಲಿ. ಇಂದು ಪ್ರವಾಸಿಗರು ನದಿಯೆಂದು ನೋಡಿ ಬೆರಗಾಗುವುದು ಬಹುಪಾಲು ಆ ಅಣೆಕಟ್ಟಿನ ಹಿನ್ನೀರನ್ನು. ಅದರ ಅಡಿಯಲ್ಲಿ ಕಾಕನಕೋಟೆಯ ಕಾಡೂ ಹಳ್ಳಿಗಳೂ ಮುಳುಗಿವೆ. ಜೇನು ಕುರುಬರು, ಕಾಡು ಕುರುಬರು, ಯರವರು ತಲೆಮಾರುಗಳಿಂದ ಬದುಕಿದ್ದ ಸೀಮೆ ಅದು. ಒಂದು ಕಡೆ ಅಣೆಕಟ್ಟು, ಇನ್ನೊಂದು ಕಡೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಇವೆರಡರ ನಡುವೆ ಅವರ ಹಾಡಿಗಳು ಕಾಡಿನಿಂದ ಹೊರಗೆ ಬಂದವು. ಅವರು ಹೊರಗೆ ಬಂದ ಬಾಗಿಲಿನಿಂದಲೇ ಅತಿಥಿಗಳು ಒಳಗೆ ಹೋದರು. ಕಬಿನಿ ತೀರದ ಒಂದು ಪ್ರಸಿದ್ಧ ವಸತಿಧಾಮವು ಕುರುಬರ ಹಾಡಿಯ ಮಾದರಿಯಲ್ಲೇ ಕುಟೀರಗಳನ್ನು ಕಟ್ಟಿದೆ. ಖಾಸಗಿ ಕೊಳವಿರುವ ಕುಟೀರಗಳೂ ಅಲ್ಲಿವೆ. ಗುಡಿಸಲಿನ ಆಕಾರ ಸುಂದರವೆಂದು ಮೆಚ್ಚಿ ಉಳಿಸಿಕೊಂಡ ನಾಡು, ಆ ಗುಡಿಸಲಿನಲ್ಲಿದ್ದವನನ್ನು ಉಳಿಸಿಕೊಳ್ಳಲಿಲ್ಲ.

ಇದು ಭಾವುಕ ಮಾತಲ್ಲ, ನ್ಯಾಯಾಲಯದ ಕಡತದಲ್ಲಿರುವ ವಿಷಯ. 1990ರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗಿನ ಮುರ್ಕಲ್‌ನಲ್ಲಿ ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್ ಸಂಸ್ಥೆಗೆ ಸರಕಾರವು ಕಟ್ಟಡಗಳನ್ನು ಗುತ್ತಿಗೆಗೆ ಕೊಟ್ಟಿತು. ಕಾಡಿನ ಮಕ್ಕಳು ಕಾಡಿನಲ್ಲಿದ್ದರೆ ಹುಲಿಗೆ ತೊಂದರೆ, ಆದರೆ ಹೋಟೆಲಿನಿಂದ ತೊಂದರೆಯಿಲ್ಲ ಎಂಬ ತರ್ಕವನ್ನು ಆದಿವಾಸಿಗಳು ಒಪ್ಪಲಿಲ್ಲ. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯು ಹೈಕೋರ್ಟಿನ ಮೊರೆಹೋಯಿತು. 1997ರಲ್ಲಿ ಕರ್ನಾಟಕ ಹೈಕೋರ್ಟು ಆ ಗುತ್ತಿಗೆಯು 1980ರ ಅರಣ್ಯ ಸಂರಕ್ಷಣಾ ಕಾಯಿದೆ ಮತ್ತು ವನ್ಯಜೀವಿ ಕಾಯಿದೆಗಳಿಗೆ ವಿರುದ್ಧವೆಂದು ತೀರ್ಪಿತ್ತಿತು. ದೇಶದ ಬಲಾಢ್ಯ ಉದ್ಯಮದೆದುರು ಜೇನು ಕೀಳುವ ಜನರು ಗೆದ್ದ ಈ ಕಥೆಯನ್ನು ನಮ್ಮ ಮಕ್ಕಳಿಗೆ ಯಾವ ಪ್ರವಾಸಿ ಮಾರ್ಗದರ್ಶಿಯೂ ಹೇಳುವುದಿಲ್ಲ. ಗೆದ್ದವರಿಗೂ ಮನೆಯೇನೂ ಮರಳಲಿಲ್ಲ. ಅರಣ್ಯ ಹಕ್ಕು ಕಾಯಿದೆ 2006ರಲ್ಲಿ ಬಂತು; ಆದರೂ 2025ರ ಮೇ ತಿಂಗಳಿನಲ್ಲಿ ಜೇನು ಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲಿನಲ್ಲಿ ತಮ್ಮ ಹಿರಿಯರ ನೆಲಕ್ಕೆ ಮರಳಿ ಗುಡಿಸಲು ಹಾಕಿ ಹೋರಾಡಬೇಕಾಯಿತು.

ವಸತಿಧಾಮಗಳಿಂದ ಸ್ಥಳೀಯರಿಗೆ ಉದ್ಯೋಗ ಸಿಕ್ಕಿಲ್ಲವೇ ಎಂದು ಕೆಲವರು ಕೇಳಬಹುದು. ಸಿಕ್ಕಿದೆ. 1980ರಲ್ಲಿ ಸ್ಥಾಪನೆಯಾದ, ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಕಾರಾಪುರದಲ್ಲಿ ಕಬಿನಿ ದಡದ ವಸತಿಧಾಮವನ್ನು ತೆರೆದಂದಿನಿಂದ ಅನೇಕರ ಒಲೆ ಅದರಿಂದ ಉರಿದಿದೆ. ಕಾಡು ಜೀವಂತವಾಗಿದ್ದರೆ ಹಣ ಬರುತ್ತದೆ ಎಂಬ ಪಾಠವನ್ನೂ ಅದು ಕಲಿಸಿತು. ಇದನ್ನು ಅಲ್ಲಗಳೆಯಲಾಗದು. ಆದರೆ ನೆಲದ ಮೇಲೆ ಹಕ್ಕಿದ್ದವನಿಗೆ ಅದೇ ನೆಲದ ಗೇಟು ಕಾಯುವ ಕೆಲಸ ಕೊಟ್ಟು, ಅದನ್ನು ಉಪಕಾರವೆಂದು ಕರೆಯುವುದು ನ್ಯಾಯವಲ್ಲ. ಲಾಭದಲ್ಲಿ ಪಾಲು ಬೇರೆ, ಸಂಬಳ ಬೇರೆ. ಇನ್ನು, ಕಾಡಂಚಿನ ರೈತನಿಗೆ ಪ್ರವಾಸೋದ್ಯಮದಿಂದ ಬಂದದ್ದೇನು? ಹುಲಿ ದಾಳಿಗೆ ಮನುಷ್ಯರು ಬಲಿಯಾಗಿ ರೈತರು ಬೀದಿಗಿಳಿದ ಬಳಿಕ 2025ರ ನವೆಂಬರಿನಲ್ಲಿ ಸರಕಾರವು ನಾಗರಹೊಳೆ ಮತ್ತು ಬಂಡೀಪುರಗಳಲ್ಲಿ ಸಫಾರಿ ನಿಲ್ಲಿಸಲು ಆದೇಶಿಸಿತು. ವಸತಿಧಾಮ ಸುಸ್ಥಿರವಾಗಿದ್ದು ಅದರ ಬೇಲಿಯಾಚೆಗಿನ ಊರು ಭಯದಲ್ಲಿದ್ದರೆ, ಆ ಸುಸ್ಥಿರತೆ ಬೇಲಿಯೊಳಗಿನ ಅಲಂಕಾರ ಮಾತ್ರ.

ಕಾನೂನು ಎಚ್ಚರಗೊಳ್ಳುವಾಗ ತಡವಾದರೆ ಏನಾಗುತ್ತದೆಂಬುದಕ್ಕೆ ಹಂಪಿಯ ಎದುರು ದಡದ ವಿರುಪಾಪುರ ಗಡ್ಡೆ ಸಾಕ್ಷಿ. ತುಂಗಭದ್ರೆಯ ಆ ನಡುಗಡ್ಡೆಯಲ್ಲಿ ವರ್ಷಗಟ್ಟಲೆ ರೆಸಾರ್ಟುಗಳು ಬೆಳೆಯಲು ಬಿಟ್ಟು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೆರವಿನ ಆದೇಶವನ್ನು ಎತ್ತಿಹಿಡಿದ ಮೇಲೆ, ಮಾರ್ಚ್ ತಿಂಗಳಿನಲ್ಲಿ ಬುಲ್ಡೋಜರ್ ಕಳಿಸಲಾಯಿತು. ತೀರ್ಪು ಸರಿಯಾದದ್ದೇ. ಆದರೆ ಮೊದಲ ದಿನವೇ ಬೇಡವೆನ್ನಬೇಕಾಗಿದ್ದ ಅಧಿಕಾರಿಗೆ ಯಾವ ನಷ್ಟವೂ ಆಗಲಿಲ್ಲ. ಅಲ್ಲಿ ತಟ್ಟೆ ತೊಳೆಯುತ್ತಿದ್ದವನ ಕೆಲಸ ಹೋಯಿತು.

ಹಾಗಾದರೆ ಪಟ್ಟಣದ ಒಂದು ಸಾಮಾನ್ಯ ಕುಟುಂಬ ಏನು ಮಾಡಬಹುದು? ಮುಂಗಡ ಹಣ ಕಳಿಸುವ ಮುನ್ನ ನಾಲ್ಕು ಪ್ರಶ್ನೆ ಕೇಳಬಹುದು. ನಿಮ್ಮ ನೀರು ಎಲ್ಲಿಂದ ಬರುತ್ತದೆ, ನದಿಯಿಂದಲೋ ಕೊಳವೆಬಾವಿಯಿಂದಲೋ? ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ನದಿ ದಡಕ್ಕೆ ಊರಿನವರು, ಅವರ ದನಕರುಗಳು, ಮೀನುಗಾರರು ಈಗಲೂ ಬರಬಹುದೇ, ಅಥವಾ ಬೇಲಿ ಹಾಕಿದ್ದೀರಾ? ಸ್ಥಳೀಯರು ನಿಮ್ಮಲ್ಲಿ ಕೆಲಸದವರು ಮಾತ್ರವೋ, ಪಾಲುದಾರರೂ ಇದ್ದಾರೋ? ಮಾಂಸ ಹಲಾಲ್ ಹೌದೇ ಎಂದು ಕೇಳಲು ನಾವು ಸಂಕೋಚಪಡುವುದಿಲ್ಲ. ನೀರು ನ್ಯಾಯದ್ದೇ ಎಂದು ಕೇಳಲು ಏಕೆ ಸಂಕೋಚ? ನೂರು ಗಿರಾಕಿಗಳು ಕೇಳಿದರೆ ಮಾಲೀಕನು ಉತ್ತರ ಸಿದ್ಧಪಡಿಸುತ್ತಾನೆ. ಸಾವಿರ ಮಂದಿ ಕೇಳಿದರೆ ಕೊಳದ ಗಾತ್ರವನ್ನು ಕುಗ್ಗಿಸುತ್ತಾನೆ. ಸರಕಾರವಂತೂ ಪ್ರತಿಯೊಂದು ವಸತಿಧಾಮವೂ ತನ್ನ ನೀರಿನ ಬಳಕೆಯನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯ ಮುಂದೆ ಇಡುವಂತೆ ಕಡ್ಡಾಯ ಮಾಡಬೇಕು. ಹಸಿರು ಎಂಬ ಹೆಸರು ಲೆಕ್ಕ ಕೊಟ್ಟವರಿಗೆ ಮಾತ್ರ ಸಲ್ಲಬೇಕು.

ಇದೇ ಅಳತೆಗೋಲು ನಮ್ಮ ಮನೆಗೂ ಅನ್ವಯಿಸುತ್ತದೆ. ಬರಗಾಲದಲ್ಲೂ ಟ್ಯಾಂಕರುಗಳನ್ನು ಸಾಲಾಗಿ ನಿಲ್ಲಿಸಿ ನಡೆಸುವ ವಲೀಮಾ, ಅರ್ಧ ಕುಡಿದು ಎಸೆಯುವ ಬಾಟಲಿಗಳು, ಮಸೀದಿಯ ಹೌಝಿನ ಬಳಿ ಸೋರುತ್ತಲೇ ಇರುವ ನಲ್ಲಿ, ಇವೆಲ್ಲವೂ ಅದೇ ಇಸ್ರಾಫ್‌ನ ರೂಪಗಳು. ಶ್ರೀಮಂತನ ಕೊಳವನ್ನು ಪ್ರಶ್ನಿಸುವ ನೈತಿಕ ಬಲ ಬರಬೇಕಾದರೆ ನಮ್ಮ ನಲ್ಲಿ ಮೊದಲು ನಿಲ್ಲಬೇಕು. ಒಂದು ಪ್ರವಾಸದ ಖರ್ಚಿನ ಒಂದು ಭಾಗವನ್ನು ಊರಿನ ಕೆರೆಯ ಹೂಳು ತೆಗೆಯಲೋ ಮಸೀದಿಯ ಚಾವಣಿಯ ಮಳೆನೀರನ್ನು ಹಿಡಿದಿಡಲೋ ವಿನಿಯೋಗಿಸಿದರೆ ಅದರ ಫಲ ಎರಡು ದಿನಕ್ಕೆ ಮುಗಿಯುವುದಿಲ್ಲ.

ನದಿಯು ಯಾರ ಸೊತ್ತೂ ಅಲ್ಲ. ದಡದಲ್ಲಿ ಹಣ ಕೊಟ್ಟು ಮಲಗುವವನದ್ದೂ ಅಲ್ಲ, ಮಲಗಿಸಿ ಹಣ ಪಡೆಯುವವನದ್ದೂ ಅಲ್ಲ. ಅದು ಹರಿದು ಬರುವ ದಾರಿಯಲ್ಲಿ ಮೊದಲು ಬದುಕಿದ್ದವರಿಗೂ ಕೊನೆಯಲ್ಲಿ ಕಾಯುತ್ತಿರುವವರಿಗೂ ಅದರಲ್ಲಿ ಪಾಲಿದೆ. ಈ ಎರಡೂ ಪಾಲನ್ನು ಮುಟ್ಟದೆ ಅತಿಥಿಯನ್ನು ಸತ್ಕರಿಸಬಲ್ಲ ವಸತಿಧಾಮ ಇದ್ದರೆ ಅದನ್ನು ನಾವು ಸುಸ್ಥಿರ ಎಂದು ಕರೆಯೋಣ. ಅಂಥಲ್ಲಿಗೆ ಮನೆಮಂದಿಯೆಲ್ಲ ಹೋಗಿ ಬರುವುದರಲ್ಲಿ ತಪ್ಪೇನೂ ಇಲ್ಲ.