ಅಗಲ ಬಾಗಿಲಿನ ಟಾಯ್ಲೆಟ್ಟು: ಯಾರು ಮೊದಲು, ಯಾರು ಆಮೇಲೆ?

ಹೋದ ಸಲ ಹುಣಸೆಹಣ್ಣು ಕುಟ್ಟಿ ಉಪ್ಪು ಹಾಕಿ ತುಂಬಿಡೋದ್ರ ಬಗ್ಗೆ ಬರೆದಿದ್ದೆ. ಈ ಸಲ ಬರೀತಿರೋದು ಟಾಯ್ಲೆಟ್ ವಿಷ್ಯ. ಮೂಗು ಮುರೀಬೇಡಿ ಕಣ್ರಮ್ಮ. ಒಗ್ಗರಣೆ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಿ, ಬಸ್ ಇಳಿದ ತಕ್ಷಣ ನಾವು ಹೆಂಗಸರು ಮೊದಲು ಹುಡುಕೋದು ಏನನ್ನ ಅನ್ನೋದು ಮಾತ್ರ ಬಾಯಿ ಬಿಟ್ಟು ಹೇಳಲ್ಲ.

ವಿಷ್ಯ ಇಷ್ಟೇ. ಈಗ ಬಸ್ ಸ್ಟ್ಯಾಂಡು, ಆಸ್ಪತ್ರೆ, ಹೈವೇ ಹೋಟ್ಲು, ಹೊಸ ಕಲ್ಯಾಣ ಮಂಟಪ, ಹಿಂಗೆ ಅಲ್ಲಲ್ಲಿ ಒಂದು ಬಾಗಿಲ ಮೇಲೆ ವೀಲ್ ಚೇರ್ ಚಿತ್ರ ಹಾಕಿರ್ತಾರೆ. ಒಳಗೆ ಜಾಗ ದೊಡ್ಡದು, ಕಮೋಡ್ ಇರ್ತದೆ, ಹಿಡ್ಕೊಳ್ಳೋಕೆ ಗೋಡೆಗೆ ಸ್ಟೀಲ್ ಕಂಬಿ ಇರ್ತದೆ. ಕಂಕುಳಲ್ಲೊಂದು, ಕೈಯಲ್ಲೊಂದು ಮಗು ಹಿಡಿದ ತಾಯಂದಿರು ಸೀದಾ ಅದಕ್ಕೇ ಹೋಗೋದು ರೂಢಿ ಆಗೈತೆ. ಇದು ಸರೀನಾ, ತಪ್ಪಾ ಅಂತ ನಮ್ಮ ಮನೇಲೇ ಎರಡು ಪಾರ್ಟಿ ಆಗೋಯ್ತು. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಮಕ್ಕಳ ತಾಯಿ ಆ ರೂಮಿಗೆ ಹೋಗೋದು ತಪ್ಪಲ್ಲ. ಆದ್ರೆ ಅದು ಅವಳಿಗೆ ಅಂತ ಕಟ್ಟಿದ ರೂಮಲ್ಲ. ಬೇರೆ ಕಡೆ ಹೋಗೋಕೇ ಆಗದೋರು ಬಂದ್ರೆ ಅವರು ಮೊದಲು, ನಾವು ಆಮೇಲೆ.

ಆ ರೂಮು ದೊಡ್ಡದಾಗಿರೋದು ಮೇಸ್ತ್ರಿ ಖುಷಿಗಲ್ಲ. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು, 2017ರ ಏಪ್ರಿಲ್‌ನಿಂದ ಜಾರಿ ಆಯ್ತು. ಸಾರ್ವಜನಿಕ ಕಟ್ಟಡಗಳು ಎಲ್ಲರೂ ಬಳಸೋ ಹಂಗಿರಬೇಕು ಅಂತ ಅದು ಹೇಳ್ತದೆ. ಸರ್ಕಾರದ ಮಾರ್ಗಸೂಚಿಯಲ್ಲಿ ಅಳತೆಗಳೂ ಅವೆ. ಬಾಗಿಲು 900 ಮಿಲಿಮೀಟರ್, ಅಂದ್ರೆ ಹತ್ರ ಹತ್ರ ಮೂರಡಿ. ಮಾಮೂಲಿ ಟಾಯ್ಲೆಟ್ ಬಾಗಿಲು ಎರಡು ಚಿಲ್ಲರೆ ಅಡಿ ಇದ್ರೆ ಅದರಲ್ಲಿ ವೀಲ್ ಚೇರ್ ತೂರಲ್ಲ. ಒಳಗೆ ಕುರ್ಚಿ ತಿರುಗೋಕೆ ಐದಡಿ ಜಾಗ ಬೇಕು. ಕಂಬಿ ಇರೋದು ಕುರ್ಚಿಯಿಂದ ಕಮೋಡಿಗೆ ಮೈ ಎಳ್ಕೊಂಡು ಜರುಗೋಕೆ. ಪ್ರತಿ ಅಳತೆ ಹಿಂದೆಯೂ ಯಾರದೋ ಒಬ್ಬರ ಕಷ್ಟ ಐತೆ.

ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಇನ್ನೊಂದು ವಿಷ್ಯ ಸೇರಿಸಿ ಹೇಳ್ಬೇಕು. ಪಾವಗಡದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ನಿಮಗೆಲ್ಲ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಆಗಲ್ಲ ಅಂತಾರೆ. ಹಂಗೆ ಜಾಸ್ತಿ ಇರೋ ನೀರನ್ನ ವರ್ಷಾನುಗಟ್ಟಲೆ ಕುಡಿದ್ರೆ ಮೊದಲು ಹಲ್ಲು ಕಂದುತ್ತವೆ, ಆಮೇಲೆ ಮೂಳೆ ಗಟ್ಟಿ ಕಟ್ಕೊಂಡು ಬೆನ್ನು, ಮಂಡಿ ಬಗ್ಗದಂಗೆ ಆಗ್ತವೆ. ಇವರು ವೀಲ್ ಚೇರಲ್ಲಿ ಕೂತಿರಲ್ಲ. ನಡ್ಕೊಂಡೇ ಬರ್ತಾರೆ, ನಿಧಾನಕ್ಕೆ. ಆದ್ರೆ ಇಂಡಿಯನ್ ಲೆಟ್ರಿನ್ನಲ್ಲಿ ಕುಕ್ಕುರುಗಾಲಲ್ಲಿ ಕೂರು ಅಂದ್ರೆ ಕೂರೋಕಾಗಲ್ಲ, ಕೂತ್ರೆ ಏಳೋಕಾಗಲ್ಲ. ಇಡೀ ಬಸ್ ಸ್ಟ್ಯಾಂಡಲ್ಲಿ ಅವರಿಗೆ ಆಗಿಬರೋದು ಆ ಒಂದೇ ಒಂದು ಕಮೋಡು.

ನಮ್ಮ ಯಜಮಾನರ ಅಕ್ಕ ಹಂಗಿರೋರು. ಹುಟ್ಟಿದ್ದೂ ಪಾವಗಡ ತಾಲೂಕು, ಕೊಟ್ಟಿದ್ದೂ ಅಲ್ಲೇ. ಹೋದ ವರ್ಷ ನಾವಿಬ್ರೂ ಒಂದು ಗೃಹಪ್ರವೇಶಕ್ಕೆ ಹೋಗ್ತಾ ಒಂದು ಬಸ್ ಸ್ಟ್ಯಾಂಡಲ್ಲಿ ಇಳಿದ್ವಿ, ಊರ ಹೆಸರು ಬೇಡ. ಅಗಲ ಬಾಗಿಲು ಹಾಕಿತ್ತು. ಒಳಗಿಂದ ಮಕ್ಕಳ ಸದ್ದು, ಅಮ್ಮನ ಸದ್ದು. ಒಂದಕ್ಕೆ ಬಟ್ಟೆ ಬದಲಾಯಿಸಿ, ಇನ್ನೊಂದಕ್ಕೆ ಮುಖ ತೊಳೆದು ಪೌಡ್ರು ಹಾಕಿ, ಅಮ್ಮ ತನ್ನ ಸೀರೆ ನೆರಿಗೆ ಸರಿ ಮಾಡ್ಕೊಂಡು ಬರೋ ಹೊತ್ತಿಗೆ ಇಪ್ಪತ್ತು ನಿಮಿಷ. ನಾನು ಎರಡು ಸಲ ಬಾಗಿಲು ಬಡಿದೆ, ಜವಾಬಿಲ್ಲ. ಅಕ್ಕನ ಕೈಲಿ ತಡ್ಕೊಳ್ಳೋಕಾಗ್ಲಿಲ್ಲ. ಅರವತ್ತೆರಡು ವರ್ಷದ ಹೆಂಗಸು, ಸೊಸೆ ಮೊಮ್ಮಕ್ಕಳು ಇರೋ ಹೆಂಗಸು, ಸೀರೆ ಹಿಂದಕ್ಕೆ ಸೆರಗು ಎಳ್ಕೊಂಡು ಗೋಡೆ ಕಡೆ ತಿರುಗಿ ನಿಂತ್ಬಿಟ್ರು. ಹೊರಗೆ ಬಂದ ಆ ಹುಡುಗಿ ಕೆಟ್ಟವಳೇನಲ್ಲ. ನೋಡಿದ ತಕ್ಷಣ ಮುಖ ಸಣ್ಣದಾಯ್ತು, "ನಂಗೊತ್ತಾಗ್ಲಿಲ್ಲ ಕಣಮ್ಮ" ಅಂದ್ಲು. ನಿಜವಾಗ್ಲೂ ಗೊತ್ತಿರ್ಲಿಲ್ಲ. ಆದ್ರೆ ಅಕ್ಕ ಗೃಹಪ್ರವೇಶಕ್ಕೆ ಬರ್ಲಿಲ್ಲ, ವಾಪಸ್ ಬಸ್ ಹತ್ತಿದ್ರು. ಅವತ್ತಿಂದ ಎಲ್ಲಿಗಾದ್ರೂ ಹೊರಡೋದಿದ್ರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ಬಿಡ್ತಾರೆ. ಸಕ್ಕರೆ ಕಾಯಿಲೆ ಬೇರೆ ಐತೆ. ಬೈದ್ರೂ ಕೇಳಲ್ಲ.

ಇಷ್ಟು ಓದಿ ತಾಯಂದಿರ ಮೇಲೆ ಕೋಪ ಮಾಡ್ಕೋಬೇಡಿ, ಅವರ ಕಷ್ಟಾನೂ ಕೇಳಿ. ನನ್ನ ಮಗಳು ಬೆಂಗಳೂರಿಂದ ಬರುವಾಗ ಎಂಟು ತಿಂಗಳ ಕೂಸು ಕಂಕುಳಲ್ಲಿ, ನಾಲ್ಕು ವರ್ಷದ ಗಂಡುಮಗು ಕೈಯಲ್ಲಿ, ಬ್ಯಾಗು ಹೆಗಲಲ್ಲಿ. ಸಣ್ಣ ಲೆಟ್ರಿನ್ನಲ್ಲಿ ಮೂರು ಜನ ಹಿಡಿಯಲ್ಲ. ದೊಡ್ಡದನ್ನ ಹೊರಗೆ ನಿಲ್ಸಿ ಹೋಗೋಕೆ ಯಾವ ತಾಯಿಗೆ ಧೈರ್ಯ ಬರ್ತದೆ? ಕೂಸನ್ನ ಒದ್ದೆ ನೆಲದ ಮೇಲೆ ಮಲಗ್ಸೋಕಾಗ್ತದಾ? ಇನ್ನು ಅಪ್ಪಂದಿರ ಕಥೆ ಬೇರೆ. ಪಕ್ಕದ ಬೀದಿ ಹುಡುಗ ಒಬ್ಬನೇ ಮೂರು ವರ್ಷದ ಮಗಳನ್ನ ಕರ್ಕೊಂಡು ಓಡಾಡ್ತಾನೆ. ಹೆಂಗಸರ ಕಡೆ ಹೋದ್ರೆ ನಾವೇ ಕೂಗಾಡ್ತೀವಿ, ಗಂಡಸರ ಕಡೆ ಆ ಮಗೂನ ಕರ್ಕೊಂಡು ಹೋಗೋಕೆ ಅವನಿಗೇ ಮನಸ್ಸಿಲ್ಲ. ಗಂಡು ಹೆಣ್ಣು ಅಂತ ಬೇರೆ ಮಾಡದ ಆ ಅಗಲ ಬಾಗಿಲಿನ ರೂಮೊಂದೇ ಅವನಿಗೆ ಉಳಿಯೋದು. ಅದಕ್ಕೇ ನಾನು "ಹೋಗಲೇಬೇಡಿ" ಅನ್ನಲ್ಲ.

ಆದ್ರೂ ಇವರಿಬ್ಬರ ಅವಸರ ಒಂದೇ ಅಲ್ಲ. ಮಗೂನ ಎತ್ಕೊಂಡು ಇನ್ನೊಂದು ಕಡೆ ಹೋಗಬಹುದು. ಕಷ್ಟ ಆಗ್ತದೆ, ಆದ್ರೂ ಆಗ್ತದೆ. ಬೆಂಚಿನ ಮೇಲೆ ಟವಲ್ ಹಾಸಿ ಪ್ಯಾಂಪರ್ಸ್ ಬದಲಾಯಿಸಬಹುದು, ಕೂಸಿನ ಬೆತ್ತಲೆ ನೋಡಿ ಯಾರೂ ನಗಲ್ಲ. ಮಂಡಿ ಬಗ್ಗದ ದೊಡ್ಡವರಿಗೆ ಆ ದಾರಿ ಇಲ್ಲ.

"ಖಾಲಿ ಇತ್ತು, ಹೋದ್ವಿ, ಅದ್ರಲ್ಲಿ ತಪ್ಪೇನು? ಬಸ್ಸಲ್ಲಿ ಅಂಗವಿಕಲರ ಸೀಟಲ್ಲಿ ಕೂರಲ್ವಾ?" ಅಂತ ನಮ್ಮ ತಂಗಿ ಮಗಳು ಕೇಳಿದ್ಲು. ಒಳ್ಳೆ ಪ್ರಶ್ನೆ. ಆದ್ರೆ ಬಸ್ ಸೀಟಲ್ಲಿ ಕೂತಿರೋಳಿಗೆ ಹತ್ತಿದೋರು ಕಾಣ್ತಾರೆ, ಎದ್ದು ಬಿಡ್ತಾಳೆ. ಟಾಯ್ಲೆಟ್ ಒಳಗಿಂದ ಚಿಲಕ ಹಾಕಿದ್ಮೇಲೆ ಹೊರಗೆ ಯಾರು ನಿಂತವ್ರೆ ಕಾಣಲ್ಲ, ಅರ್ಧಕ್ಕೆ ಎದ್ದು ಬರೋಕೂ ಆಗಲ್ಲ. ಅದಕ್ಕೇ ಯೋಚನೆ ಮಾಡೋದು ಚಿಲಕ ಹಾಕೋಕೆ ಮುಂಚೆ.

ನನಗೆ ತಿಳಿದಷ್ಟು ರೀತಿ ರಿವಾಜು ಹೇಳ್ತೀನಿ. ಒಳಗೆ ಹೋಗೋಕೆ ಮುಂಚೆ ಹಿಂದೆ ಮುಂದೆ ಒಂದ್ಸಲ ನೋಡಿ. ಕೋಲು, ವಾಕರ್, ವೀಲ್ ಚೇರ್ ಹಿಡಿದೋರು, ಕಾಲೆಳೆದು ನಡೆಯೋ ವಯಸ್ಸಾದೋರು ಕಂಡ್ರೆ "ನೀವು ಹೋಗ್ಬೇಕಾ ಅಮ್ಮ?" ಅಂತ ಬಾಯಿ ಬಿಟ್ಟು ಕೇಳಿ. ಅವರಾಗೇ ಕೇಳಲ್ಲ, ನಾಚಿಕೆ ಇರ್ತದೆ. ಯಾರಾದ್ರೂ ಬಾಗಿಲು ಬಡಿದ್ರೆ ಸುಮ್ಮನಿರ್ಬೇಡಿ, "ಎರಡು ನಿಮಿಷ, ಬಂದೆ" ಅನ್ನಿ. ಎಷ್ಟು ಹೊತ್ತು ಅಂತ ಗೊತ್ತಾದ್ರೆ ಕಾಯೋರಿಗೆ ಅರ್ಧ ಜೀವ ಬರ್ತದೆ.

ಮಕ್ಕಳ ಕೆಲಸ ಮುಗೀತಾ, ಹೊರಗೆ ಬನ್ನಿ. ಅಲಂಕಾರ ಅಲ್ಲಿ ಬೇಡ. ಗೊರವನಹಳ್ಳಿಯಲ್ಲಿ ಶುಕ್ರವಾರದ ರಶ್ಶು, ಪಾವಗಡದ ಶನಿಮಹಾತ್ಮನ ಗುಡಿ, ದಂಡಿನ ಮಾರಮ್ಮನ ಜಾತ್ರೆ, ಇಂಥ ಕಡೆ ಸೀರೆ ಬದಲಾಯಿಸೋಕೆ ದೊಡ್ಡ ಜಾಗ ಹುಡುಕೋದು ಸಹಜ. ಆದ್ರೆ ಅದಕ್ಕೆ ಆ ರೂಮಲ್ಲ.

ನೀರು ಚೆಲ್ಲಿದ್ರೆ ತಳ್ಳಿ ಬನ್ನಿ. ನಮಗೆ ಒದ್ದೆ ನೆಲ ಅಂದ್ರೆ ಅಸಹ್ಯ ಅಷ್ಟೇ, ಊರುಗೋಲು ಊರೋರಿಗೆ ಅದು ಸೊಂಟ ಮುರಿಯೋ ಸಮಾಚಾರ. ಬಕೆಟ್ಟು, ಮಗ್ಗು ಕೂತೋರ ಕೈಗೆ ಸಿಗೋ ಜಾಗದಲ್ಲೇ ಇಡಿ. ಕಸದ ಡಬ್ಬ ಮಧ್ಯಕ್ಕೆ ಎಳೆದಿದ್ರೆ ಮೂಲೆಗೆ ತಳ್ಳಿ, ವೀಲ್ ಚೇರ್ ತಿರುಗಬೇಕು. ಕೊಳೆ ಪ್ಯಾಂಪರ್ಸನ್ನ ಪೇಪರಲ್ಲಿ ಸುತ್ತಿ ಡಬ್ಬಕ್ಕೆ ಹಾಕಿ, ಡಬ್ಬ ಇಲ್ಲ ಅಂದ್ರೆ ಕವರಲ್ಲಿ ಕಟ್ಟಿ ಜೊತೇಲೇ ತಗೊಂಡು ಬನ್ನಿ. ಕಮೋಡಿಗೆ ಹಾಕಿದ್ರೆ ಕಟ್ಕೊಳ್ತದೆ, ಆಮೇಲೆ ಅದಕ್ಕೆ ಬೀಗ ಬಿತ್ತು ಅಂತಾನೇ ಅರ್ಥ. ಕಂಬಿ ಹಿಡ್ಕೊಂಡು ಜೋತಾಡೋಕೆ ಮಕ್ಕಳನ್ನ ಬಿಡಬೇಡಿ. ಚಪ್ಪಲಿ ಕಾಲಲ್ಲಿ ಕಮೋಡ್ ಸೀಟ್ ಮೇಲೆ ನಿಲ್ಸಲೂಬೇಡಿ. ಮುಖ್ಯವಾಗಿ, ಬಾಗಿಲ ಮೇಲಿನ ಚಿತ್ರ ತೋರ್ಸಿ ಇದು ಯಾರಿಗೋಸ್ಕರ ಕಟ್ಟಿರೋದು ಅಂತ ಮಗೂಗೆ ಹೇಳಿ. ನಾಲ್ಕು ವರ್ಷದ ಮಗೂಗೆ ಇದು ಚೆನ್ನಾಗಿ ಅರ್ಥ ಆಗ್ತದೆ. ನಮ್ಮ ಮೊಮ್ಮಗ ಈಗ ಅವರಮ್ಮನಿಗೇ ಜ್ಞಾಪಿಸ್ತಾನೆ.

ಇನ್ನೊಂದು ಮಾತು ನಮ್ಮಂಥ ದೊಡ್ಡವರಿಗೆ. ಯಾರೋ ಒಬ್ಬಳು ಚೆನ್ನಾಗೇ ನಡ್ಕೊಂಡು ಆ ರೂಮಿಂದ ಬಂದ್ಲು ಅಂತ ನಾಲ್ಕು ಜನರ ಮುಂದೆ ಬೈಯೋಕೆ ಹೋಗ್ಬೇಡಿ. ಹಳೇ ಕಾಯ್ದೇಲಿ 7 ಥರದ ಅಂಗವಿಕಲತೆ ಇತ್ತು, 2016ರ ಕಾಯ್ದೇಲಿ 21 ಅವೆ. ಪಾರ್ಕಿನ್ಸನ್ ಕಾಯಿಲೆ, ರಕ್ತದ ಕಾಯಿಲೆಗಳು, ಬುದ್ಧಿ ಬೆಳವಣಿಗೆ ಕಮ್ಮಿ ಇರೋದು, ಎಲ್ಲಾ ಸೇರೈತೆ. ಎಲ್ಲವೂ ಕಣ್ಣಿಗೆ ಕಾಣಲ್ಲ. ಹದಿನೈದು ವರ್ಷದ ಮಗನ್ನ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗೋ ತಾಯಿಗೆ ಕಾರಣ ಇದ್ದೇ ಇರ್ತದೆ. ಕೇಳಿ ಅವಳನ್ನ ನೋಯಿಸೋದು ಬೇಡ.

ಕೊನೆಗೆ ನನಗೆ ಅನ್ಸೋದು, ತಾಯಂದಿರನ್ನೂ ಕಾಲಿಲ್ಲದೋರನ್ನೂ ಒಂದೇ ಬಾಗಿಲ ಮುಂದೆ ನಿಲ್ಸಿ ಜಗಳಕ್ಕೆ ಬಿಟ್ಟಿರೋದೇ ತಪ್ಪು. ನಮ್ಮ ವಾರಗಿತ್ತಿ ಮಗಳು ಇಂಗ್ಲೆಂಡಲ್ಲಿ ಅವಳೆ. ಅಲ್ಲಿ ಅಂಗವಿಕಲರ ಟಾಯ್ಲೆಟ್‌ಗಳಿಗೆ ಅವರ ಹತ್ರಾನೇ ಇರೋ ಒಂದೇ ಥರದ ಬೀಗದಕೈ ವ್ಯವಸ್ಥೆ 1981ರಿಂದ ಐತಂತೆ. ಆದ್ರೂ ಎಷ್ಟೋ ಕಡೆ ಮಕ್ಕಳ ಬಟ್ಟೆ ಬದಲಾಯಿಸೋ ಹಲಗೇನೂ ಅದೇ ರೂಮಲ್ಲಿ ಹಾಕಿ, ಅಲ್ಲೂ ಇದೇ ಗಲಾಟೆ ಅಂತೆ. ನಮ್ಮಲ್ಲಿ 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಸಾರ್ವಜನಿಕ ಜಾಗಗಳಲ್ಲಿ ಮಗೂಗೆ ಹಾಲು ಕುಡಿಸೋಕೆ, ಆರೈಕೆ ಮಾಡೋಕೆ ಜಾಗ ಮಾಡಿಕೊಡೋ ಬಗ್ಗೆ ಹೇಳೈತೆ. ಕೋರ್ಟು ಹೇಳಿದ್ಮೇಲೆ ಕೇಳೋಕೆ ನಮಗೇನು ಸಂಕೋಚ?

ಕೇಳೋದೂ ದೊಡ್ಡದೇನಲ್ಲ. ಹೆಂಗಸರ ಕಡೆ ಒಂದು, ಗಂಡಸರ ಕಡೆ ಒಂದು, ಗೋಡೆಗೆ ಮಡಚೋ ಹಲಗೆ ಹಾಕ್ಸಿ ಅಂತ. ಮಾಮೂಲಿ ಸಾಲಲ್ಲಿ ಒಂದಾದ್ರೂ ಕಮೋಡ್ ಇಡ್ಸಿ ಅಂತ. ಅಗಲ ಬಾಗಿಲಿನ ರೂಮಲ್ಲಿ ಪೊರಕೆ, ಫಿನಾಯಿಲ್ ಕ್ಯಾನು ತುಂಬಿ ಬೀಗ ಹಾಕ್ಬೇಡಿ ಅಂತ. ಮಧುಗಿರಿಯೋರು ಪುರಸಭೇಲಿ ಕೇಳಿ, ಸಿರಾದೋರು ನಗರಸಭೇಲಿ ಕೇಳಿ, ಕೊರಟಗೆರೆಯೋರು ಪಟ್ಟಣ ಪಂಚಾಯಿತೀಲಿ ಕೇಳಿ. ಸ್ತ್ರೀಶಕ್ತಿ ಸಂಘದಿಂದ ಹತ್ತು ಜನ ಸಹಿ ಹಾಕಿ ಅರ್ಜಿ ಕೊಟ್ರೆ ಒಬ್ಬಳು ಗೊಣಗೋದಕ್ಕಿಂತ ಕೆಲಸ ಆಗ್ತದೆ.

2011ರ ಜನಗಣತೀಲಿ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಮೇಲೆ ಅಂಗವಿಕಲರು ಇದ್ರು. ಮಂಡಿ ಹಿಡ್ಕೊಂಡಿರೋ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರು ಆ ಲೆಕ್ಕದಲ್ಲಿ ಬರೋದೂ ಇಲ್ಲ. ಇನ್ನು ಹತ್ತು ಹದಿನೈದು ವರ್ಷಕ್ಕೆ ನಾವೂ ಆ ಸಾಲಿಗೇ ಸೇರೋರು. ಹಲಗೆ ಬರೋತನಕ, ಹೊಸ ಕಮೋಡ್ ಬರೋತನಕ, ಇರೋದೊಂದು ರೂಮನ್ನ ಹಂಚ್ಕೊಂಡು ಬಳಸೋಣ. ನಿಮ್ಮ ಹೆಣ್ಣುಮಕ್ಕಳಿಗೆ, ಸೊಸೆಯರಿಗೆ, ಅಳಿಯಂದಿರಿಗೂ ಇದನ್ನ ಓದಿ ಹೇಳಿ. ಬೈದು ಹೇಳ್ಬೇಡಿ, ಊಟಕ್ಕೆ ಕೂತಾಗ ಅಲ್ಲ, ಕಾಫಿ ಹೊತ್ತಲ್ಲಿ ನಿಧಾನಕ್ಕೆ ಹೇಳಿ.